ಕೇಳದೆ ನಡೆದವಳು

ಅಮೋಸ್ ಇವೆಸನ್ ನವೆಂಬರಿನಲ್ಲಿ ತೀರಿಕೊಂಡ. ಅಂದಿನಿಂದ ಅವನ ಹೆಂಡತಿ ಥಿರ್ಜಾಗೆ ಒಂದು ಕಡೆ ಕೂರಲಾಗುತ್ತಿರಲಿಲ್ಲ. ಚಹಾ ಮಾಡಿಕೊಳ್ಳುತ್ತಿದ್ದಳು, ಅರ್ಧ ಕುಡಿದು ಎದ್ದುಬಿಡುತ್ತಿದ್ದಳು. ಒಲೆಯ ಬೂದಿ ತೆಗೆಯಲು ಬಗ್ಗಿದವಳು ಹಾಗೇ ಬಿಟ್ಟು ಅಂಗಳಕ್ಕೆ ಹೋಗುತ್ತಿದ್ದಳು. ಅಂಗಳದಲ್ಲಿ ಕೆಲಸವೇನೂ ಇರುತ್ತಿರಲಿಲ್ಲ. ಮತ್ತೆ ಒಳಗೆ ಬರುತ್ತಿದ್ದಳು. ಕಾಲಿಗೆ ನಡೆಯಬೇಕಿತ್ತು. ನಡೆಯುವ ದಾರಿ ಮುಚ್ಚಿತ್ತು.

ಅವಳ ಮನೆ ಕೋಲ್ಡ್‌ಸೈಡಿನಲ್ಲಿ. ಗುಡ್ಡದ ಮೇಲೆ ಒಂಬತ್ತು ಮನೆ, ಅಷ್ಟೇ ಊರು. ಕೆಳಗೆ ಹೊಳೆಯ ದಂಡೆಯಲ್ಲಿ ಆಸ್ಕರ್‌ಬೆಕ್. ಚರ್ಚು, ಶಾಲೆ, ಅಂಗಡಿ, ಪಬ್ಬು ಎಲ್ಲ ಅಲ್ಲಿಯೇ. ಕೋಲ್ಡ್‌ಸೈಡಿನಲ್ಲಿ ಹುಟ್ಟಲು ಜಾಗವಿತ್ತು, ಹೂಳಲು ಜಾಗವಿರಲಿಲ್ಲ. ಹಾಗಾಗಿ ಮೇಲಿನವರು ತಮ್ಮ ಸತ್ತವರನ್ನು ಹೆಗಲ ಮೇಲೆ ಹೊತ್ತು, ಹೊಲಗಳನ್ನು ದಾಟಿ, ಕೆಳಗಿನ ಚರ್ಚಿಗೆ ತರುತ್ತಿದ್ದರು. ಆರುನೂರು ವರ್ಷ ಹಾಗೇ ತಂದರು. ಅದಕ್ಕೆ ಹೆಣದ ದಾರಿ ಎಂದೇ ಹೆಸರು. ಒಂದೂಕಾಲು ಮೈಲಿ. ನಡುವೆ ಒಂದು ಚಪ್ಪಟೆ ಕಲ್ಲು, ಪೆಟ್ಟಿಗೆ ಇಳಿಸಿ ಉಸಿರು ತೆಗೆದುಕೊಳ್ಳಲು. ಒಂದು ವರ್ಷ ಹಿಮ ಸುರಿಯುವಾಗ ಹೊತ್ತವರು ಪೆಟ್ಟಿಗೆಯನ್ನು ಆ ಕಲ್ಲಿನ ಮೇಲೆ ಬಿಟ್ಟು ಪಬ್ಬಿಗೆ ಓಡಿದರಂತೆ. ಮೂರು ದಿನ ವಾಪಸ್ಸು ಬರಲಿಲ್ಲವಂತೆ. ಆ ಪೆಟ್ಟಿಗೆಯಲ್ಲಿ ಇದ್ದದ್ದು ಥಿರ್ಜಾಳ ಅಜ್ಜಿಯ ಅಜ್ಜ. ಅವಳ ಮನೆಯವರು ಇದನ್ನು ನಾಚಿಕೆಯಿಂದಲ್ಲ, ಜಂಬದಿಂದ ಹೇಳುತ್ತಿದ್ದರು.

ಕಾರು ಹೋಗುವ ರಸ್ತೆ ಬೇರೆ. ಅದು ಗುಡ್ಡವನ್ನು ಸುತ್ತಿಕೊಂಡು ನಾಲ್ಕು ಮೈಲಿ.

ಥಿರ್ಜಾ ಐದನೇ ವಯಸ್ಸಿಗೆ ಹೆಣದ ದಾರಿಯಲ್ಲಿ ಶಾಲೆಗೆ ಹೋದಳು. ಹದಿನಾಲ್ಕಕ್ಕೆ ಶಾಲೆ ಬಿಟ್ಟು ಅದೇ ದಾರಿಯಲ್ಲಿ ಪಾದ್ರಿಯ ಮನೆಯ ನೆಲ ಉಜ್ಜಲು ಹೋದಳು. ಆಮೇಲೆ ಚರ್ಚಿನ ಹಿತ್ತಾಳೆ ದೀಪಗಳನ್ನು ಉಜ್ಜಿ ಹೊಳೆಯಿಸುವ ಕೆಲಸ. ಅದನ್ನು ಬಿಡಲೇ ಇಲ್ಲ. ಸಾವಿರದ ಒಂಬೈನೂರ ಐವತ್ತೊಂದರಲ್ಲಿ ಮದುವೆಯಾಯಿತು. ಮದುವೆಯ ಬಿಳಿ ಬಟ್ಟೆಯನ್ನು ಮೊಣಕಾಲಿನ ತನಕ ಎತ್ತಿ ಹಿಡಿದುಕೊಂಡು, ಬೂಟು ಹಾಕಿಕೊಂಡು, ಆ ದಾರಿಯಲ್ಲೇ ಇಳಿದಳು. ಹತ್ತುವಾಗ ಅಮೋಸ್ ಜೊತೆಗಿದ್ದ. ಮಕ್ಕಳಾಗಲಿಲ್ಲ. ಗಂಡ ಹೆಂಡತಿ ಇಬ್ಬರೂ ದಿನಾ ಆ ದಾರಿಯಲ್ಲಿ ನಡೆದರು.

ಅಮೋಸ್ ಕಲ್ಲುಗೋಡೆ ಕಟ್ಟುವವನು. ಗಾರೆ ಇಲ್ಲದೆ, ಕಲ್ಲಿಗೆ ಕಲ್ಲು ಕೂರಿಸಿ, ಹೊಲದ ಗೋಡೆ ಎಬ್ಬಿಸುವ ಕೆಲಸ. ಅವನ ಕೈ ಹಿಡಿದರೆ ಕಲ್ಲನ್ನೇ ಹಿಡಿದಂತೆ ಇರುತ್ತಿತ್ತು. ಅವನು ಇಲ್ಲಿಯವನಲ್ಲ. ಎರಡು ಕಣಿವೆ ಆಚೆಯವನು, ಹದಿನಾಲ್ಕು ಮೈಲಿ ದೂರದವನು. ಆಸ್ಕರ್‌ಬೆಕ್‌ನಲ್ಲಿ ಹದಿನಾಲ್ಕು ಮೈಲಿ ಎಂದರೆ ಸಮುದ್ರದ ಆಚೆ. ನಲವತ್ತು ವರ್ಷ ಇಲ್ಲಿದ್ದ ಮೇಲೂ, ಸುತ್ತಲಿನ ಅರ್ಧ ಗೋಡೆಗಳನ್ನು ಅವನೇ ಕಟ್ಟಿದ ಮೇಲೂ, ಪಬ್ಬಿನಲ್ಲಿ ಯಾರಾದರೂ ಹೇಳುತ್ತಿದ್ದರು: "ನೀನು ಹೊಸಬ ಬಿಡು ಅಮೋಸ್, ನಿಂಗೆ ಗೊತ್ತಾಗಲ್ಲ."

ಅವನು ನಗುತ್ತಿದ್ದ. ಥಿರ್ಜಾಗೆ ಮೈ ಉರಿಯುತ್ತಿತ್ತು.

ಹೆಣದ ದಾರಿ ಹೈ ಇಂಗ್ಸ್ ಎಂಬ ಹೊಲಮನೆಯ ಮೂರು ಹೊಲಗಳನ್ನು ದಾಟುತ್ತದೆ. ಆಗ ಅದರ ಯಜಮಾನ ಕ್ಲಿಫರ್ಡ್ ಡಿನ್ಸ್‌ಡೇಲ್. ಮದುವೆಯಾದ ಮೊದಲ ಹೊಸ ವರ್ಷದ ದಿನ ಅಮೋಸ್ ಭಾನುವಾರ ಚರ್ಚಿಗೆ ಹಾಕುವ ಕೋಟು ಹಾಕಿಕೊಂಡ. ಥಿರ್ಜಾ ಮಾಡಿದ್ದ ಹಣ್ಣಿನ ಕೇಕಿನಲ್ಲಿ ಅರ್ಧವನ್ನು ಬಟ್ಟೆಯಲ್ಲಿ ಸುತ್ತಿಕೊಂಡ.

"ಎಲ್ಲಿಗೆ?" ಎಂದಳು.

"ಡಿನ್ಸ್‌ಡೇಲ್ ಮನೆಗೆ. ದಿನಾ ಅವನ ಹೊಲ ದಾಟ್ತೀನಲ್ಲ, ಒಂದು ಮಾತು ಕೇಳಿ ಬರ್ತೀನಿ."

"ಕೇಳೋದಾ? ನಮ್ಮಜ್ಜಿ ಪೆಟ್ಟಿಗೇಲಿ ಮಲಗಿ ಹೋದ ದಾರಿ ಅದು. ಅವಳೇನು ಎದ್ದು ಕೇಳಿದ್ಲಾ?"

"ನಿಮ್ಮಜ್ಜಿ ಇಲ್ಲಿಯವಳು ಕಣೇ ಹುಡುಗಿ. ನಾನಲ್ಲ."

ಹೋದ. ಬಾಗಿಲಲ್ಲಿ ಟೋಪಿ ತೆಗೆದು, "ಈ ವರ್ಷ ನಾನು ದಾಟಬಹುದಾ?" ಎಂದು ಕೇಳಿದ. ಡಿನ್ಸ್‌ಡೇಲ್ ಕೇಕು ಇಸಿದುಕೊಂಡು "ದಾಟು" ಎಂದ. ಮುಂದಿನ ವರ್ಷವೂ ಹೋದ. ಅದರ ಮುಂದಿನ ವರ್ಷವೂ. ಡಿನ್ಸ್‌ಡೇಲ್ ಸಾಯುವ ತನಕ ಮೂವತ್ತೊಂಬತ್ತು ಸಲ ಕೇಳಿದ. ಥಿರ್ಜಾ ಬೈಯುತ್ತಲೇ ಮೂವತ್ತೊಂಬತ್ತು ಕೇಕು ಮಾಡಿಕೊಟ್ಟಳು.

ಒಂದು ವರ್ಷ ಬಂದು ಹೇಳಿದ: "ಇವತ್ತು ಡಿನ್ಸ್‌ಡೇಲ್, 'ನಿನ್ನ ಹೆಂಡ್ತಿಗೂ ಸೇರಿಸಿ ಕೇಳ್ತಿದೀಯಾ?' ಅಂದ."

"ನೀನೇನಂದೆ?"

"ಅವಳ ಪರವಾಗಿ ಕೇಳೋ ಧೈರ್ಯ ನಂಗಿಲ್ಲ ಅಂದೆ. ಬಿದ್ದು ಬಿದ್ದು ನಕ್ಕ."

ಥಿರ್ಜಾ ಎರಡು ದಿನ ಅವನ ಜೊತೆ ಮಾತು ಬಿಟ್ಟಳು. ಮೂರನೇ ದಿನ ತಾನೂ ನಕ್ಕಳು.

ಅವಳು ಒಂದು ಸಲವೂ ಕೇಳಲಿಲ್ಲ. ಡಿನ್ಸ್‌ಡೇಲ್ ಹೊಲದಲ್ಲಿ ನಿಂತು ನೋಡುತ್ತಿದ್ದಾಗಲೇ ಅವನ ಮುಂದೆಯೇ ದಾಟುತ್ತಿದ್ದಳು. ಅವನೂ ಏನೂ ಅನ್ನಲಿಲ್ಲ.

ಡಿನ್ಸ್‌ಡೇಲ್ ಸತ್ತ ಮೇಲೆ ಹೈ ಇಂಗ್ಸ್ ಮಾರಾಟವಾಯಿತು. ಕೊಂಡವನ ಹೆಸರು ಹಾಲಮ್, ಪಟ್ಟಣದವನು. ತೊಂಬತ್ತೊಂದರ ಏಪ್ರಿಲ್‌ನಲ್ಲಿ ಮೇಲಿನ ಗೇಟಿಗೆ ಬೀಗ ಬಿತ್ತು, ಮುಳ್ಳುತಂತಿ ಬಂತು, ಒಳಗೆ ಬರಬಾರದೆಂಬ ಫಲಕ ಬಂತು. ನಕ್ಷೆ ತೆಗೆದು ನೋಡಿದರೆ ಹೆಣದ ದಾರಿ ಯಾವ ನಕ್ಷೆಯಲ್ಲೂ ಇರಲಿಲ್ಲ. ಊರೇ ನಡೆಯುತ್ತಿದ್ದುದರಿಂದ ಅದನ್ನು ಬರೆಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಶಾಲೆಯಿಂದ ನಿವೃತ್ತಳಾದ ಮಿಸ್ ಮ್ಯೂರಿಯಲ್ ಫಾಸೆಟ್ ಎದ್ದು ನಿಂತಳು. ಅರ್ಧ ಊರಿಗೆ ಅಕ್ಷರ ಕಲಿಸಿದವಳು. ಈಗಲೂ ಎಲ್ಲರನ್ನೂ ಮೂರನೇ ತರಗತಿಯವರಂತೆ ನೋಡುತ್ತಿದ್ದಳು. ಊರಿನ ಹಾಲ್‌ನಲ್ಲಿ ಎಲ್ಲರನ್ನೂ ಕೂರಿಸಿ ಕಾನೂನು ಹೇಳಿದಳು.

"ಇಪ್ಪತ್ತು ವರ್ಷ ಜನ ನಡೆದಿರಬೇಕು. ಕದ್ದು ನಡೆದಿರಬಾರದು. ಬೇಲಿ ಮುರಿದು ನಡೆದಿರಬಾರದು. ಮುಖ್ಯವಾಗಿ, ಅಪ್ಪಣೆ ಕೇಳಿ ನಡೆದಿರಬಾರದು. ಕೇಳಿ ನಡೆದ್ರೆ ಅದು ಅವನು ಮಾಡಿದ ಉಪಕಾರ. ಕೇಳದೆ ನಡೆದ್ರೆ ಅದು ನಮ್ಮ ಹಕ್ಕು. ಅರ್ಥ ಆಯ್ತಾ?"

ಹಿಂದಿನ ಸಾಲಿನಲ್ಲಿದ್ದ ಕಟುಕ ನಾರ್ಮನ್ ಕೈ ಎತ್ತಿದ. "ಅಂದ್ರೆ ಮಿಸ್, ಇಪ್ಪತ್ತು ವರ್ಷ ಮರ್ಯಾದೆ ಇಲ್ಲದೆ ನಡ್ಕೊಂಡಿದ್ರೆ ಗೆದ್ವಿ ಅಂತ?"

"ಹೌದು ನಾರ್ಮನ್. ನಿನ್ನ ಸಾಕ್ಷಿ ಬಹಳ ಗಟ್ಟಿಯಾಗಿರುತ್ತೆ."

ಎಲ್ಲರೂ ನಕ್ಕರು. ಥಿರ್ಜಾ ಪಕ್ಕಕ್ಕೆ ತಿರುಗಿ ಅಮೋಸನನ್ನು ನೋಡಿದಳು. ಅವನು ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದ.

ದಾರಿಯನ್ನು ನಕ್ಷೆಗೆ ಸೇರಿಸಬೇಕೆಂದು ಅರ್ಜಿ ಹೋಯಿತು. ಎರಡು ವರ್ಷ ಉತ್ತರ ಬರಲಿಲ್ಲ. ಅಷ್ಟರಲ್ಲಿ ಅಮೋಸನ ಎದೆಯಲ್ಲಿ ಐವತ್ತು ವರ್ಷದ ಕಲ್ಲಿನ ಧೂಳು ಗಟ್ಟಿಯಾಯಿತು. ಹಾಸಿಗೆಯನ್ನು ಕೆಳಗಿನ ಕೋಣೆಗೆ, ಕಿಟಕಿಯ ಹತ್ತಿರಕ್ಕೆ ಇಳಿಸಿದರು. ಮಾರ್ಚಿನಲ್ಲಿ ಸರ್ಕಾರದ ಅಧಿಕಾರಿ ಬಂದು ವಿಚಾರಣೆ ಮಾಡುತ್ತಾರೆ ಎಂದು ಗೊತ್ತಾದದ್ದು ಅಕ್ಟೋಬರಿನಲ್ಲಿ. ಮಿಸ್ ಫಾಸೆಟ್ ಪ್ರಶ್ನೆಗಳ ಹಾಳೆ ಹಿಡಿದು ಬಂದಳು. ಅಮೋಸ್ ನಲವತ್ತು ವರ್ಷ ದಿನಾ ನಡೆದವನು, ಅವನ ಮಾತಿಗೆ ತೂಕ ಜಾಸ್ತಿ. ಅವಳು ಓದಿದಳು, ಅವನು ತಲೆ ಆಡಿಸಿದ, ಅವಳು ಬರೆದುಕೊಂಡಳು. ಏಳನೇ ಪ್ರಶ್ನೆ ಬಂತು.

"ಅಪ್ಪಣೆ ಕೇಳಿದ್ದೀರಾ? ಇಲ್ಲ. ಅಲ್ವಾ ಅಮೋಸ್?"

ಅಮೋಸ್ ಥಿರ್ಜಾಳನ್ನು ನೋಡಿದ. ಮಾತಾಡಲು ಉಸಿರಿರಲಿಲ್ಲ. ಕಣ್ಣು ಮುಚ್ಚಿಕೊಂಡ. ಮಿಸ್ ಫಾಸೆಟ್ 'ಇಲ್ಲ' ಎಂದು ಬರೆದು ಅವನ ಕೈಗೆ ಪೆನ್ನು ಕೊಟ್ಟಳು. ಮೇಷ್ಟ್ರಮ್ಮ ಪೆನ್ನು ಕೊಟ್ಟರೆ ಸಹಿ ಮಾಡಬೇಕು. ಮಾಡಿದ.

ಥಿರ್ಜಾ ಅಲ್ಲೇ ನಿಂತಿದ್ದಳು. ಬಾಯಿ ತೆರೆಯಲಿಲ್ಲ.

ಸಾಯುವ ಒಂದು ವಾರ ಮುಂಚೆ ಅವನು ಉಸಿರು ಕೂಡಿಸಿಕೊಂಡು ಒಂದೇ ಒಂದು ಮಾತು ಕೇಳಿಕೊಂಡ. "ನನ್ನನ್ನ ಆ ದಾರೀಲೇ ಒಯ್ಯಿ."

ಅವನು ತೀರಿಕೊಂಡಾಗ ಒಯ್ಯಲು ಆರು ಜನ ಗೋಡೆ ಕಟ್ಟುವವರು ತಯಾರಿದ್ದರು. ಹಾಲಮ್ ಹೇಳಿಕಳಿಸಿದ ಮಾತೂ ಬಂತು. ಇವೆಸನ್ ಅವರ ಹೆಂಡತಿ ಬಂದು ಒಂದು ಮಾತು ಕೇಳಿದರೆ ಆ ದಿನದ ಮಟ್ಟಿಗೆ ಗೇಟು ತೆಗೆಯುತ್ತೇನೆ ಎಂದು. ಥಿರ್ಜಾ ಕೋಟು ಹಾಕಿಕೊಂಡಳು. ಆಗ ಮಿಸ್ ಫಾಸೆಟ್ ಬಾಗಿಲಲ್ಲಿ ಬಂದು ನಿಂತಳು.

"ಬೇಡ ಥಿರ್ಜಾ. ನೀನು ಕೇಳಿದ್ರೆ ಅವನ ವಕೀಲ ಬರೆದಿಟ್ಕೋತಾನೆ. ಕೋಲ್ಡ್‌ಸೈಡಿನವಳೇ ಬಂದು ಅಪ್ಪಣೆ ಬೇಡಿದ್ಲು ಅಂತಾನೆ. ಎಲ್ಲ ಹಾಳಾಗುತ್ತೆ."

ಥಿರ್ಜಾ ಕೋಟು ಬಿಚ್ಚಿದಳು. ಅಮೋಸ್ ಕರಿ ಕಾರಿನಲ್ಲಿ ನಾಲ್ಕು ಮೈಲಿ ಸುತ್ತಿ ಹೋದ. ಆರು ಜನ ಕೈ ಜೋತುಬಿಟ್ಟುಕೊಂಡು ಹಿಂದಿನ ವ್ಯಾನಿನಲ್ಲಿ ಬಂದರು. ಥಿರ್ಜಾ ಮುಂದಿನ ಸೀಟಿನಲ್ಲಿ ಕೂತು ಗುಡ್ಡದ ಮೇಲಿನ ತಂತಿಯನ್ನು ನೋಡುತ್ತಾ ಹೋದಳು. ತಿರುವು ಬಂದು ತಂತಿ ಮರೆಯಾಗುವ ತನಕ ನೋಡಿದಳು.

ಚಳಿಗಾಲ ಪೂರ್ತಿ ಅವಳು ನಿಲ್ಲಲಿಲ್ಲ. ಬೆಳಿಗ್ಗೆ ಎದ್ದು ರಸ್ತೆಯಲ್ಲಿ ನಾಲ್ಕು ಮೈಲಿ ಇಳಿಯುತ್ತಿದ್ದಳು. ಒಬ್ಬರು ಮಾತ್ರ ದಾಟಬಹುದಾದ ಹಳೆ ಕಲ್ಲುಸೇತುವೆ ದಾಟಿ, ದಾರಿ ತಪ್ಪಿದ ದನಗಳನ್ನು ಹಿಂದಿನ ಕಾಲದಲ್ಲಿ ಕೂಡಿಹಾಕುತ್ತಿದ್ದ ದುಂಡು ಗೋಡೆಯನ್ನು ಒಂದು ಸುತ್ತು ಬಂದು, ಚರ್ಚಿಗೆ ಹೋಗುತ್ತಿದ್ದಳು. ಉಜ್ಜಿದ ದೀಪವನ್ನೇ ಮತ್ತೆ ಉಜ್ಜುತ್ತಿದ್ದಳು. ಚರ್ಚಿನ ಮೊಂಡು ಗೋಪುರದ ಕೆಳಗೆ ಅಮೋಸನ ಗೋರಿಯ ಮಣ್ಣು ಇನ್ನೂ ಕೂತಿರಲಿಲ್ಲ. ಅಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಮತ್ತೆ ಸೇತುವೆ, ಮತ್ತೆ ರಸ್ತೆ. ನಾರ್ಮನ್ ಅಂಗಡಿಯ ಬಾಗಿಲಿನಿಂದ ಕೂಗುತ್ತಿದ್ದ.

"ಏನಮ್ಮ ಥಿರ್ಜಾ, ರಸ್ತೆ ಸವೆದುಹೋದ್ರೆ ಕೌನ್ಸಿಲ್‌ನವರು ನಿನ್ನೇ ಕೇಳ್ತಾರೆ ನೋಡು!"

"ನಿನ್ನ ನಾಲಿಗೇನೇ ಸವೆದಿಲ್ಲ, ರಸ್ತೆ ಸವೆಯುತ್ತಾ?" ಎಂದು ನಡೆದುಬಿಡುತ್ತಿದ್ದಳು.

ಅವಳನ್ನು ತಿನ್ನುತ್ತಿದ್ದುದು ಹಾಳೆಯ ಮೇಲಿನ ಆ 'ಇಲ್ಲ'. ಅಮೋಸ್ ಬದುಕಿನಲ್ಲಿ ಒಂದು ಸುಳ್ಳೂ ಹೇಳಿದವನಲ್ಲ. ಗೋಡೆಯೊಳಗೆ, ಯಾರ ಕಣ್ಣಿಗೂ ಬೀಳದ ಕಡೆ ಕೂಡ, ಪುಡಿಗಲ್ಲು ತುಂಬಿ ಮೋಸ ಮಾಡಿದವನಲ್ಲ. ಅವನ ಕೊನೆಯ ಸಹಿ ಒಂದು ಸುಳ್ಳಿನ ಕೆಳಗೆ ಇತ್ತು. ಅದನ್ನು ತೆಗೆಸಿದರೆ ದಾರಿ ಹೋಗಬಹುದು. ಬಿಟ್ಟರೆ ಅವನು ಸುಳ್ಳು ಹೇಳಿದವನಾಗಿಯೇ ಉಳಿಯುತ್ತಾನೆ. ಆ ದಾರಿಗೋಸ್ಕರ ಅವನನ್ನು ಕಾರಿನಲ್ಲಿ ಕಳಿಸಿದ್ದಾಗಿತ್ತು. ಈಗ ದಾರಿಯನ್ನೂ ಕಳೆದರೆ?

ವಿಚಾರಣೆಗೆ ಮೂರು ದಿನ ಇರುವಾಗ ಥಿರ್ಜಾ ಮಿಸ್ ಫಾಸೆಟ್ ಮನೆಗೆ ಹೋಗಿ ಹೇಳಿದಳು. ಕೂರಲಿಲ್ಲ, ನಿಂತೇ ಹೇಳಿದಳು. ಹೊಸ ವರ್ಷ, ಕೋಟು, ಕೇಕು, ಎಲ್ಲ.

ಮಿಸ್ ಫಾಸೆಟ್ ಕನ್ನಡಕ ತೆಗೆದಳು. "ಯಾರಿಗೆ ಗೊತ್ತು ಇದು?"

"ಅವನಿಗೆ, ಡಿನ್ಸ್‌ಡೇಲ್‌ಗೆ, ನಂಗೆ."

"ಇಬ್ಬರು ಸತ್ತಿದ್ದಾರೆ."

"ಒಬ್ಬಳು ಇದೀನಿ."

"ಥಿರ್ಜಾ, ಒಂದು ಕೇಕಿಗೋಸ್ಕರ ಆರುನೂರು ವರ್ಷದ ದಾರಿ ಕಳೀತೀಯಾ? ಅಮೋಸ್ ಒಳ್ಳೆಯವನು, ಗೊತ್ತು. ಆದ್ರೂ ಹೊರಗಿನವನು. ಅವನಿಗೆ ತಿಳೀದೆ ಕೇಳಿದ."

ಥಿರ್ಜಾ ಬಾಗಿಲು ಹಾಕದೆ ಹೊರಟುಬಂದಳು.

ವಿಚಾರಣೆ ಊರಿನ ಹಾಲ್‌ನಲ್ಲಿ ನಡೆಯಿತು. ಚಹಾದ ದೊಡ್ಡ ಪಾತ್ರೆ ಮೂಲೆಯಲ್ಲಿ ಗೊರಗೊರ ಎನ್ನುತ್ತಿತ್ತು. ಅಧಿಕಾರಿ ಸಣ್ಣಗೆ ಇದ್ದರು, ಶೀತವಾಗಿ ಮೂಗು ಸೋರುತ್ತಿತ್ತು. ಹಾಲಮ್ ಮುಂದಿನ ಸಾಲಿನಲ್ಲಿ, ಪಕ್ಕದಲ್ಲಿ ವಕೀಲ. ಇಪ್ಪತ್ತಮೂರು ಜನ ಸಾಕ್ಷಿ. ನಾರ್ಮನ್ ಎದ್ದು, ತಾನು ಕುಡಿದಾಗಲೂ ಕುಡಿಯದಿದ್ದಾಗಲೂ ಆ ದಾರಿಯಲ್ಲೇ ಬಂದಿದ್ದೇನೆ, ಯಾರನ್ನೂ ಕೇಳುವ ಸ್ಥಿತಿಯಲ್ಲಿ ಇರಲಿಲ್ಲ ಎಂದ. ಆಮೇಲೆ ಮಿಸ್ ಫಾಸೆಟ್ ಅಮೋಸನ ಹಾಳೆಯನ್ನು ಗಟ್ಟಿಯಾಗಿ ಓದಲು ಶುರುಮಾಡಿದಳು. ಥಿರ್ಜಾಗೆ ಕುರ್ಚಿ ಕಾದ ಹೆಂಚಿನಂತಾಯಿತು. ಏಳನೇ ಪ್ರಶ್ನೆಗೆ ಬರುವ ಮೊದಲೇ ಎದ್ದಳು.

"ಅದನ್ನ ಓದಬೇಡಿ. ಅದು ನಿಜ ಅಲ್ಲ."

ಅಧಿಕಾರಿ ಕರವಸ್ತ್ರ ಕೆಳಗಿಟ್ಟರು. "ತಾವು?"

"ಅವನ ಹೆಂಡತಿ. ನನ್ನ ಗಂಡ ಕೇಳಿದ. ಪ್ರತಿ ಹೊಸ ವರ್ಷಕ್ಕೂ ಡಿನ್ಸ್‌ಡೇಲ್ ಬಾಗಿಲಿಗೆ ಹೋಗಿ ಟೋಪಿ ತೆಗೆದು ಕೇಳಿದ. ಮೂವತ್ತೊಂಬತ್ತು ಸಲ. ಆ ಹಾಳೆ ಬರೆದಾಗ ಅವನಿಗೆ ಮಾತಾಡೋಕೆ ಉಸಿರಿರಲಿಲ್ಲ. ನಾನು ಅಲ್ಲೇ ಇದ್ದೆ, ಸುಮ್ಮನಿದ್ದೆ. ತಪ್ಪು ನನ್ನದು."

ಹಿಂದಿನಿಂದ ಯಾರೋ, "ಅಯ್ಯೋ, ಮುಗೀತು" ಎಂದರು. ಇನ್ನೊಬ್ಬರು, "ಹೊರಗಿನವರನ್ನ ಕಟ್ಕೊಂಡ್ರೆ ಹೀಗೇ" ಎಂದರು. ಥಿರ್ಜಾ ತಿರುಗಿ ನೋಡಲಿಲ್ಲ.

ವಕೀಲ ಎದ್ದ. ಮುಖದಲ್ಲಿ ಬೆಣ್ಣೆ. "ಬಹಳ ಪ್ರಾಮಾಣಿಕರು ನೀವು, ಮಿಸೆಸ್ ಇವೆಸನ್. ಹಾಗಾದರೆ ನಿಮ್ಮ ಗಂಡ ಮನೆಯವರೆಲ್ಲರ ಪರವಾಗಿ ಅಪ್ಪಣೆ ಪಡೆದಿದ್ದರು. ಮನೆಯ ಯಜಮಾನ ಕೇಳಿದರೆ ಹೆಂಡತಿಗೂ ಸೇರಿತು, ಅಲ್ಲವೇ?"

"ಸೇರಲಿಲ್ಲ."

"ಹೇಗೆ ಹೇಳ್ತೀರಿ?"

"ಡಿನ್ಸ್‌ಡೇಲ್ ಅದನ್ನೇ ಕೇಳಿದ್ನಂತೆ, ಹೆಂಡ್ತಿಗೂ ಸೇರಿಸಿ ಕೇಳ್ತಿದೀಯಾ ಅಂತ. ನನ್ನ ಗಂಡ, ಅವಳ ಪರವಾಗಿ ಕೇಳೋ ಧೈರ್ಯ ನಂಗಿಲ್ಲ ಅಂದ."

ನಾರ್ಮನ್ ನಕ್ಕುಬಿಟ್ಟ. ಅವನ ಹಿಂದೆ ಇನ್ನೂ ನಾಲ್ಕು ಜನ. ಅಧಿಕಾರಿ ತಲೆ ಎತ್ತದೆ ಬರೆದುಕೊಳ್ಳುತ್ತಲೇ ಕೇಳಿದರು.

"ನೀವು ನಡೆಯುವುದನ್ನು ಡಿನ್ಸ್‌ಡೇಲ್ ನೋಡಿದ್ದರೇ?"

"ದಿನಾ."

"ಏನಾದರೂ ಹೇಳಿದ್ದರೇ?"

ಥಿರ್ಜಾ ಯೋಚಿಸಿದಳು. "ಒಂದು ಸಲ. ಗೂಳಿ ಬಿಟ್ಟಿದೀನಿ, ಗೋಡೆ ಪಕ್ಕ ಹೋಗು ಅಂದ."

"ನೀವು?"

"ಗೋಡೆ ಪಕ್ಕ ಹೋದೆ. ಗೂಳಿ ಅಲ್ವಾ."

ಈ ಸಲ ಇಡೀ ಹಾಲ್ ನಕ್ಕಿತು. ಅವಳು ನಗಲಿಲ್ಲ. ಚಹಾಕ್ಕೆ ನಿಲ್ಲದೆ ಮನೆಗೆ ನಡೆದಳು. ನಾಲ್ಕು ಮೈಲಿ.

ತೀರ್ಪಿನ ಕಾಗದ ಬರಲು ಮೇ ತಿಂಗಳಾಯಿತು. ಆ ಎರಡು ತಿಂಗಳು ಮಿಸ್ ಫಾಸೆಟ್ ಥಿರ್ಜಾಳ ಮುಖ ನೋಡಲಿಲ್ಲ. ಅಂಗಡಿಯಲ್ಲಿ ಇವಳು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. ಕಾಗದ ಬಂದ ದಿನ ಮಿಸ್ ಫಾಸೆಟ್ ತಾನೇ ಬಾಡಿಗೆ ಕಾರು ಮಾಡಿಕೊಂಡು ಕೋಲ್ಡ್‌ಸೈಡಿಗೆ ಹತ್ತಿ ಬಂದಳು. ಬಾಗಿಲಲ್ಲೇ ನಿಂತು ಓದಿದಳು. ಹೆಣದ ದಾರಿ ಸಾರ್ವಜನಿಕರದು. ನಕ್ಷೆಯಲ್ಲಿ ಸೇರಿಸತಕ್ಕದ್ದು. ಮಿಸೆಸ್ ಇವೆಸನ್ ತನಗೆ ನಷ್ಟವಾಗುವ ಮಾತನ್ನು ತಾನಾಗಿ ಹೇಳಿದವಳು, ಆದ್ದರಿಂದ ತಾನು ಕೇಳದೆ, ಯಜಮಾನನ ಕಣ್ಣೆದುರೇ ನಡೆದೆ ಎಂಬ ಅವಳ ಮಾತನ್ನು ಅನುಮಾನಿಸಲು ಕಾರಣವಿಲ್ಲ.

"ನಿನ್ನಿಂದಲೇ ಗೆದ್ವಿ," ಎಂದಳು ಮಿಸ್ ಫಾಸೆಟ್. ಹೇಳಲು ಕಷ್ಟಪಟ್ಟಳು.

"ಅಮೋಸಂದು ಏನು ಬರೆದಿದೆ?"

ಮಿಸ್ ಫಾಸೆಟ್ ಹಾಳೆ ಮಗುಚಿದಳು. ತೀರಿಕೊಂಡ ಅಮೋಸ್ ಇವೆಸನ್ ಅಪ್ಪಣೆಯ ಮೇಲೆ ನಡೆದವನಾದ್ದರಿಂದ ಅವನ ನಡಿಗೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಥಿರ್ಜಾ ಅದನ್ನು ಇನ್ನೊಂದು ಸಲ ಓದಿಸಿದಳು. ನಲವತ್ತು ವರ್ಷ ನಡೆದವನು ನಡೆದೇ ಇಲ್ಲ. ಕಾಗದದಲ್ಲಿಯೂ ಅವನು ಹೊರಗಿನವನು. ಆದರೆ ಸುಳ್ಳು ಹೇಳಿದವನು ಎಂದು ಬರೆದಿರಲಿಲ್ಲ.

"ಭಾನುವಾರ ಪಾದ್ರಿಗಳ ಜೊತೆ ಊರೆಲ್ಲ ನಡೆಯುತ್ತೆ," ಎಂದಳು ಮಿಸ್ ಫಾಸೆಟ್. "ನೀನು ಮುಂದೆ ಇರಬೇಕು."

"ನಾನು ಭಾನುವಾರದ ತನಕ ಕಾಯಲ್ಲ."

ಬೂಟು ಹಾಕಿಕೊಂಡಳು. ಮಿಸ್ ಫಾಸೆಟ್ ಇನ್ನೂ ಕಾರಿನ ಹತ್ತಿರ ಹೋಗುವಷ್ಟರಲ್ಲಿ ಥಿರ್ಜಾ ಹೊಲದ ಅಂಚಿಗೆ ಬಂದಿದ್ದಳು. ಹಾಲಮ್ ಮೇಲಿನ ಗೇಟಿನ ಹತ್ತಿರ ಇದ್ದ. ಅವನಿಗೂ ಕಾಗದ ಬಂದಿರಬೇಕು. ಒಬ್ಬನೇ ಇಕ್ಕಳ ಹಿಡಿದು ತಂತಿ ಕತ್ತರಿಸುತ್ತಿದ್ದ. ಪಟ್ಟಣದ ಕೈ, ಎರಡು ಕಡೆ ರಕ್ತ ಬಂದಿತ್ತು. ಅವಳನ್ನು ಕಂಡು ಪಕ್ಕಕ್ಕೆ ಸರಿದ.

"ಮಿಸೆಸ್ ಇವೆಸನ್, ಆವತ್ತು ನಾನು ಹೇಳಿಕಳಿಸಿದ್ದು ನಿಮಗೆ ಮುಟ್ಟಿತ್ತಾ? ಒಂದು ಮಾತು ಕೇಳಿದ್ರೆ ತೆಗೆದುಬಿಡ್ತಿದ್ದೆ. ನಿಜವಾಗಿ."

"ಮುಟ್ಟಿತ್ತು."

"ಮತ್ತೆ ಯಾಕೆ..."

"ಅವನಾಗಿದ್ರೆ ಕೇಳ್ತಿದ್ದ," ಎಂದಳು. "ಮೊದಲು ತಂತಿ ತೆಗೀರಿ."

ದಾಟಿದಳು. ಹುಲ್ಲು ಮೂರು ವರ್ಷ ಬೆಳೆದು ದಾರಿಯೇ ಕಾಣುತ್ತಿರಲಿಲ್ಲ, ಕಾಲಿಗೆ ಗೊತ್ತಿತ್ತು. ಕೆಳಗೆ ಚರ್ಚಿನ ಗೇಟಿನ ತನಕ ಹೋದಳು. ಒಳಗೆ ಅಮೋಸನ ಗೋರಿಯ ಹತ್ತಿರ ನಿಲ್ಲಲು ಇನ್ನೂ ಆಗುತ್ತಿರಲಿಲ್ಲ, ಹೋಗಲಿಲ್ಲ. ಅಲ್ಲಿಂದಲೇ ತಿರುಗಿ ಹತ್ತಿದಳು. ಮನೆ ಬಾಗಿಲು ಮುಟ್ಟಿ ಮತ್ತೆ ಇಳಿದಳು. ನಾಲ್ಕನೇ ಸಲ ಬಂದಾಗ ಹಾಲಮ್ ಇನ್ನೂ ಕಂಬ ಕೀಳುತ್ತಿದ್ದ. ಏನೋ ಕೇಳಬೇಕೆಂದು ತಲೆ ಎತ್ತಿದವನು ಅವಳ ಮುಖ ನೋಡಿ ಮತ್ತೆ ಕಂಬಕ್ಕೆ ಕೈ ಹಾಕಿದ. ಅವಳ ಉಸಿರು ಕಟ್ಟುತ್ತಿತ್ತು. ಆದರೂ ಕಾಲು ನಿಲ್ಲಲಿಲ್ಲ.